ಉಸಿರು ಹಿಡಿದು ಈಟಿಯ ಬೇಟೆ: ತಂಪು ಕಡಲಿನ ಬ್ಯಾಸ್ ಮೀನು ಮತ್ತು ನೀರು ಮಾಡುವ ಎರಡು ಮೋಸಗಳು

ಮುಂಬಯಿ, ಪುಣೆ, ಚೆನ್ನೈಗಳಂತಹ ನಗರಗಳಲ್ಲಿ ತಲೆಮಾರುಗಳಿಂದ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ಮಕ್ಕಳೋ ಮೊಮ್ಮಕ್ಕಳೋ ವ್ಯಾಸಂಗಕ್ಕಾಗಿ, ಉದ್ಯೋಗಕ್ಕಾಗಿ ಇಂಗ್ಲೆಂಡಿಗೆ ತೆರಳಿರುವುದು ಈಗ ಸಾಮಾನ್ಯ ಸಂಗತಿ. ಅಲ್ಲಿಂದ ಬರುವ ಛಾಯಾಚಿತ್ರಗಳಲ್ಲಿ ಎಂದಾದರೊಮ್ಮೆ, ಕಪ್ಪು ರಬ್ಬರಿನ ಉಡುಪು ತೊಟ್ಟು, ಒಂದು ಕೈಯಲ್ಲಿ ಉದ್ದನೆಯ ಈಟಿಕೋವಿ, ಇನ್ನೊಂದರಲ್ಲಿ ಬೆಳ್ಳಿಬಣ್ಣದ ಮೀನು ಹಿಡಿದು ಬಂಡೆಯ ಮೇಲೆ ನಿಂತ ತರುಣನೊಬ್ಬ ಕಾಣಿಸಿಕೊಂಡರೆ ಮನೆಯ ಹಿರಿಯರಿಗೆ ಅಚ್ಚರಿಯೂ ಕೊಂಚ ಆತಂಕವೂ ಆಗುವುದು ಸಹಜ. ಗಾಳ ಗೊತ್ತು, ಬಲೆ ಗೊತ್ತು, ಇದೇನು? ಇಂಗ್ಲೆಂಡಿನ ಕಾರ್ನ್‌ವಾಲ್, ಡೆವನ್, ಡಾರ್ಸೆಟ್ ತೀರಗಳಲ್ಲಿಯೂ ಕಾಲುವೆಯಾಚೆ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿಯೂ ಪ್ರಚಲಿತವಿರುವ ಈ ಬೇಟೆಯ ವಿಧಾನವನ್ನೂ ಅದರಲ್ಲಿ ಅಡಗಿರುವ ಅಪಾಯವನ್ನೂ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಮೀನಿನ ಹೆಸರಿನ ಗೊಂದಲವೊಂದನ್ನು ಬಗೆಹರಿಸಿಕೊಳ್ಳೋಣ. ನಮ್ಮ ನಗರಗಳ ಹೋಟೆಲುಗಳಲ್ಲಿ ಸೀ ಬ್ಯಾಸ್ ಎಂದು ಬಡಿಸುವ ಮೀನು ಸಾಮಾನ್ಯವಾಗಿ ಮುಂಬಯಿ, ರಾಯಗಡದವರು ಜಿತಾಡಾ ಎನ್ನುವ, ಚೆನ್ನೈಯವರು ಕೊಡುವಾ ಎನ್ನುವ, ತೆಲುಗರು ಪಂಡುಗಪ್ಪ ಎನ್ನುವ, ಬಂಗಾಳಿಗಳು ಭೇಟ್ಕಿ ಎಂದು ಕೊಂಡಾಡುವ ಬೆಚ್ಚನೆ ನೀರಿನ ಮೀನು. ಅದು ಗಂಡಾಗಿ ಬೆಳೆದು ಮುಂದೆ ಹೆಣ್ಣಾಗಿ ಮಾರ್ಪಡುವ ವಿಚಿತ್ರ ಜೀವಿ. ಯೂರೋಪಿನ ಬ್ಯಾಸ್ ಅದರ ಜಾತಿಯದಲ್ಲ, ಕುಲದ್ದೂ ಅಲ್ಲ. ಡೈಸೆಂಟ್ರಾರ್ಕಸ್ ಲ್ಯಾಬ್ರಾಕ್ಸ್ ಎಂಬುದು ಅದರ ಶಾಸ್ತ್ರೀಯ ನಾಮ. ಬೂದುನೀಲಿ ಬೆನ್ನು, ಹೊಳೆಯುವ ಬೆಳ್ಳಿಯ ಪಕ್ಕೆ, ಬೆನ್ನಿನ ಮೇಲೆ ಮುಳ್ಳಿನ ರೆಕ್ಕೆ, ಬೆರಳು ಕೊಯ್ಯಬಲ್ಲ ಹರಿತವಾದ ಕಿವಿರಿನ ಮುಚ್ಚಳ. ಚಳಿಗಾಲದಲ್ಲಿ ಇವು ಆಳ ಕಡಲಿಗೆ ಸರಿಯುತ್ತವೆ, ವಸಂತದ ಹೊತ್ತಿಗೆ ಅಲ್ಲಿಯೇ ಮೊಟ್ಟೆಯಿಡುತ್ತವೆ. ಮರಿಗಳು ತೇಲುತ್ತ ಬಂದು ನದಿಗಳ ಅಳಿವೆಗಳನ್ನು ಸೇರಿ, ಅಲ್ಲಿ ನಾಲ್ಕೈದು ವರ್ಷ ಕಳೆಯುತ್ತವೆ. ತಂಪು ನೀರಿನಲ್ಲಿ ಬೆಳವಣಿಗೆ ಬಲು ನಿಧಾನ. ಹೆಣ್ಣುಮೀನು ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಅದರ ಉದ್ದ ಸುಮಾರು 42 ಸೆಂಟಿಮೀಟರ್, ವಯಸ್ಸು ಸುಮಾರು ಆರೇಳು ವರ್ಷ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕುವ ಮೀನುಗಳುಂಟು. ಈ 42 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಈ ಬೇಟೆ ಇಂದಿನ ರೂಪ ಪಡೆದದ್ದು ಮೆಡಿಟರೇನಿಯನ್ ತೀರದಲ್ಲಿ, 1930ರ ದಶಕದಲ್ಲಿ. ಅಲ್ಲಿ ನೆಲೆಸಿದ್ದ ಅಮೆರಿಕದ ಲೇಖಕ ಗೈ ಗಿಲ್ಪ್ಯಾಟ್ರಿಕ್, ವಿಮಾನ ಚಾಲಕರು ಧರಿಸುವ ಕನ್ನಡಕಕ್ಕೆ ಪುಟ್ಟಿ ಮೆತ್ತಿ ನೀರು ನುಗ್ಗದಂತೆ ಮಾಡಿ, ಈಟಿ ಹಿಡಿದು ಮುಳುಗುತ್ತಿದ್ದರು. 1938ರಲ್ಲಿ ಆ ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ಅವರಿಗೆ ಬೆಚ್ಚನೆಯ ಕಡಲಿತ್ತು. ಇಂಗ್ಲೆಂಡಿನ ದಕ್ಷಿಣ ತೀರದ ಸಮುದ್ರವಾದರೋ ಚಳಿಗಾಲದ ಕೊನೆಯಲ್ಲಿ 8-9 ಡಿಗ್ರಿ ಸೆಲ್ಸಿಯಸ್, ಬೇಸಿಗೆಯ ಕೊನೆಯಲ್ಲಿ 16-18 ಡಿಗ್ರಿ. ನಮ್ಮ ಅರಬ್ಬೀ ಸಮುದ್ರ ಸಾಮಾನ್ಯವಾಗಿ 27-30 ಡಿಗ್ರಿಯಲ್ಲಿರುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದ್ದರಿಂದ 5ರಿಂದ 7 ಮಿಲಿಮೀಟರ್ ದಪ್ಪದ, ತಲೆಗೂ ಮುಸುಕಿರುವ ವೆಟ್‌ಸೂಟ್ ಇಲ್ಲಿ ಅನಿವಾರ್ಯ. ರಬ್ಬರು ತೇಲುವ ವಸ್ತುವಾದ್ದರಿಂದ ಮುಳುಗಲು ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ. ಮುಖಕ್ಕೆ ಮಾಸ್ಕ್, ಬಾಯಿಗೆ ಸ್ನಾರ್ಕೆಲ್ ಕೊಳವೆ, ಕಾಲಿಗೆ ಉದ್ದನೆಯ ಫಿನ್‌ಗಳು, ಮೇಲೆ ದೋಣಿಗಳಿಗೆ ಕಾಣುವಂತೆ ಬಾವುಟ ಕಟ್ಟಿದ ತೇಲುಬುಂಡೆ. ಕೋವಿಯೆಂದರೆ ಮದ್ದುಗುಂಡಿನದಲ್ಲ, ಬಿಗಿದೆಳೆದ ರಬ್ಬರಿನ ಬಲದಿಂದ ಉಕ್ಕಿನ ಈಟಿಯನ್ನು ಚಿಮ್ಮಿಸುವ ಸಾಧನ.

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮುಳುಗು ಹಾಕಿ ಬಂದ ನಮ್ಮ ಓದುಗರು, ಬೆನ್ನಿಗೆ ಗಾಳಿಯ ಸಿಲಿಂಡರ್ ಎಲ್ಲಿ ಎಂದು ಕೇಳಬಹುದು. ಇಲ್ಲ. ಸಿಲಿಂಡರ್ ಕಟ್ಟಿಕೊಂಡು ಈಟಿ ಹಿಡಿಯುವುದು ಫ್ರಾನ್ಸಿನಂತಹ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ಬ್ರಿಟನ್ನಿನ ಈಟಿಗಾರರಲ್ಲಿ ಸಂಪ್ರದಾಯಕ್ಕೆ ವಿರುದ್ಧ. ಶ್ವಾಸಕೋಶದಲ್ಲಿ ಹಿಡಿದಿಟ್ಟ ಒಂದೇ ಉಸಿರು, ಅಷ್ಟೇ ಬಂಡವಾಳ.

ಬ್ಯಾಸ್ ಆಳದ ಮೀನಲ್ಲ. ಅಲೆಯೊಡೆದು ನೊರೆ ಹಬ್ಬುವ ಬಂಡೆಗಳ ಸಂದುಗಳಲ್ಲಿ, ಕೆಲ್ಪ್ ಎಂಬ ಕಂದುಬಣ್ಣದ ಕಡಲಪಾಚಿಯ ತೋಪುಗಳ ಅಂಚಿನಲ್ಲಿ, ಹಲವು ವೇಳೆ ಐದು ಮೀಟರಿಗೂ ಕಡಿಮೆ ನೀರಿನಲ್ಲಿ ಏಡಿ, ಸಿಗಡಿ, ಸಣ್ಣ ಮೀನುಗಳನ್ನು ಅರಸುತ್ತದೆ. ಮುಂಜಾನೆ, ಮುಸ್ಸಂಜೆ, ಉಬ್ಬರದ ನೀರು ಏರುವ ವೇಳೆ ಪ್ರಶಸ್ತ. ಅದನ್ನು ಬೆನ್ನಟ್ಟಿ ಹಿಡಿಯುವುದು ಮನುಷ್ಯನಿಂದ ಆಗದ ಮಾತು. ಆದರೆ ಅದಕ್ಕೊಂದು ದೌರ್ಬಲ್ಯವಿದೆ: ಕುತೂಹಲ. ಬೇಟೆಗಾರ ಸದ್ದಿಲ್ಲದೆ ತಳಕ್ಕಿಳಿದು, ಬಂಡೆಯ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಕದಲದೆ ಇದ್ದರೆ, ಬ್ಯಾಸ್ ತಾನಾಗಿ ಇದೇನೆಂದು ನೋಡಲು ಸಮೀಪಿಸುತ್ತದೆ. ಫ್ರೆಂಚರು ಇದನ್ನು ಅಗಾಶೋನ್ ಎನ್ನುತ್ತಾರೆ. ನೇರವಾಗಿ ಅದರ ಕಣ್ಣನ್ನು ದಿಟ್ಟಿಸಬಾರದು, ಕೋವಿಯನ್ನು ಥಟ್ಟನೆ ತಿರುಗಿಸಬಾರದು. ಮೀನು ಪಕ್ಕೆ ತೋರಿಸಿ ಹೊರಳುವ ಕ್ಷಣವೊಂದಿದೆ. ಆಗ ಕಿವಿರಿನ ಹಿಂದೆ, ಬೆನ್ನೆಲುಬಿನ ನೇರಕ್ಕೆ ಗುರಿ. ಕೊಕ್ಕರೆಯ ಧ್ಯಾನವೆಂದು ನಮ್ಮಲ್ಲಿ ಹಂಗಿಸುವುದುಂಟು. ಇಲ್ಲಿ ಅದೇ ವಿದ್ಯೆ.

ಗಾಳ, ಬಲೆಗಳಿಗೆ ಇಂಥದ್ದೇ ಮೀನು ಬೇಕೆಂಬ ವಿವೇಚನೆಯಿಲ್ಲ. ಈಟಿಗಾರ ಮಾತ್ರ ಕಣ್ಣಾರೆ ನೋಡಿ, ಆರಿಸಿ, ಅನಂತರ ಹೊಡೆಯುತ್ತಾನೆ. ಅತ್ಯಂತ ನಿರುಪದ್ರವಿ ಮೀನುಗಾರಿಕೆ ಇದೇ ಎಂದು ಇದರ ಅಭಿಮಾನಿಗಳು ಹೆಮ್ಮೆಪಡುವುದಕ್ಕೆ ಇದೇ ಕಾರಣ. ಆ ಹೆಮ್ಮೆ ಒಪ್ಪತಕ್ಕದ್ದೇ, ಆದರೆ ಅರ್ಧ ಮಾತ್ರ. ಗಾಳಕ್ಕೆ ಸಿಕ್ಕ ಮರಿಯನ್ನು ಬಿಡಿಸಿ ನೀರಿಗೆ ಬಿಡಬಹುದು. ಈಟಿ ನಾಟಿದ ಮೀನನ್ನು ಬಿಡುವುದೆಂಬುದಿಲ್ಲ. ಆರಿಸುವ ಕಣ್ಣು ತಪ್ಪಿದರೆ ತಿದ್ದಲು ಎರಡನೆಯ ಅವಕಾಶವಿಲ್ಲ. ಅಂತಹ ಕಣ್ಣನ್ನೇ ನೀರು ಮೋಸಗೊಳಿಸುತ್ತದೆ ಎಂಬುದು ವಿಪರ್ಯಾಸ.

ಈ ಮೊದಲ ಮೋಸಕ್ಕೆ ಕಾರಣ ಸರಳ ಭೌತಶಾಸ್ತ್ರ. ಬೆಳಕು ನೀರಿನಿಂದ ಹೊರಟು ಮಾಸ್ಕಿನ ಗಾಜನ್ನು ದಾಟಿ ಒಳಗಿನ ಗಾಳಿಯನ್ನು ಪ್ರವೇಶಿಸುವಾಗ ಬಾಗುತ್ತದೆ. ಪರಿಣಾಮವಾಗಿ ವಸ್ತುವು ಇದ್ದುದಕ್ಕಿಂತ ಸುಮಾರು ಕಾಲುಭಾಗ ಹತ್ತಿರವಾಗಿಯೂ ಮೂರನೆಯ ಒಂದು ಭಾಗ ದೊಡ್ಡದಾಗಿಯೂ ತೋರುತ್ತದೆ. 42 ಸೆಂಟಿಮೀಟರಿನ ಮೀನು 56ರಂತೆ ಕಾಣುತ್ತದೆ. ಅದರ ಮಗ್ಗುಲನ್ನು ಗಮನಿಸಿ: 42ರಂತೆ ಕಂಡ ಮೀನು ವಾಸ್ತವದಲ್ಲಿ 32ಕ್ಕೂ ಕಡಿಮೆ! ಹೆಣ್ಣಾಗಿದ್ದರೆ, ಒಮ್ಮೆಯೂ ಮೊಟ್ಟೆಯಿಡದ ಮರಿ. ಕೋವಿಯ ಮೇಲೆ 42ರ ಗುರುತು ಹಾಕಿಕೊಳ್ಳಬಹುದಾದರೂ, ಗುರುತು ಕೈಬಳಿ ಇರುತ್ತದೆ, ಮೀನು ಎರಡು ಮೂರು ಮೀಟರ್ ಆಚೆ. ಅದರಿಂದ ಸಿಗುವ ನೆರವು ಅಲ್ಪ. ಅದಕ್ಕಿಂತ ಮೀನಿನ ಮೈಕಟ್ಟು, ನಡತೆಗಳು ಹೆಚ್ಚು ತಿಳಿಸುತ್ತವೆ. ಚಿಕ್ಕವು ದೊಡ್ಡ ಗುಂಪುಗಟ್ಟಿ ಚುರುಕಾಗಿ ಸುಳಿಯುತ್ತವೆ; ದೊಡ್ಡದು ಒಂಟಿಯಾಗಿಯೋ ಎರಡು ಮೂರರ ಜೊತೆಗೋ, ಅಗಲವಾದ ತಲೆ ಹೊತ್ತು, ಅವಸರವಿಲ್ಲದೆ ಬರುತ್ತದೆ. ಸಂಶಯ ಬಂದರೆ ಬಿಟ್ಟುಬಿಡುವುದೇ ಬಲ್ಲವರ ನಿಯಮ.

ಇದು ಕೇವಲ ಸೌಜನ್ಯದ ಮಾತಲ್ಲ, ಕಾನೂನಿನ ಮಾತೂ ಹೌದು. 2010ರ ಅನಂತರ ಈ ಮೀನಿನ ಸಂತತಿ ಉತ್ತರ ಯೂರೋಪಿನ ಕಡಲಿನಲ್ಲಿ ತೀವ್ರವಾಗಿ ಕುಸಿಯಿತು. ಮರಿಗಳು ಉಳಿಯದ ವರ್ಷಗಳು ಒಂದೆಡೆ. ಮೊಟ್ಟೆಯಿಡಲು ನೆರೆದ ಗುಂಪುಗಳನ್ನೇ ದೊಡ್ಡ ಬಲೆಗಳಿಂದ ಬಾಚಿದ ಟ್ರಾಲರುಗಳು ಇನ್ನೊಂದೆಡೆ. ಯೂರೋಪಿಯನ್ ಒಕ್ಕೂಟವು 2015ರ ಆರಂಭದಲ್ಲಿ ಆ ಟ್ರಾಲರ್ ಮೀನುಗಾರಿಕೆಯನ್ನು ಮೊಟ್ಟೆಯ ಕಾಲಕ್ಕೆ ತುರ್ತಾಗಿ ನಿಷೇಧಿಸಿತು. ಅದೇ ವರ್ಷ ಹವ್ಯಾಸಿಗಳಿಗೆ ದಿನಕ್ಕೆ ಮೂರು ಮೀನಿನ ಮಿತಿ ಬಂದಿತು. ಸೆಪ್ಟೆಂಬರಿನಲ್ಲಿ ಕನಿಷ್ಠ ಅಳತೆ 36ರಿಂದ 42 ಸೆಂಟಿಮೀಟರಿಗೆ ಏರಿತು. 2016ರ ಮೊದಲ ಆರು ತಿಂಗಳು ಹವ್ಯಾಸಿಗಳು ಮೀನನ್ನು ಹಿಡಿದು ಬಿಡಬಹುದಿತ್ತೇ ಹೊರತು ಇಟ್ಟುಕೊಳ್ಳುವಂತಿರಲಿಲ್ಲ. ಗಾಳದವರಿಗೆ ಅದು ಅರ್ಧ ನಿಷೇಧ; ಬಿಡಲು ಬಾರದ ಈಟಿಯವರಿಗೆ ಪೂರ್ಣ ನಿಷೇಧ. ಬಳಿಕ ಮಿತಿ ದಿನಕ್ಕೆ ಒಂದಾಗಿ, 2020ರಲ್ಲಿ ಎರಡಾಯಿತು. ಸಂಖ್ಯೆ, ನಿಷೇಧದ ತಿಂಗಳುಗಳು ಹೀಗೆ ಬದಲಾಗುತ್ತ ಬಂದಿರುವುದರಿಂದ ಆಯಾ ವರ್ಷದ ನಿಯಮವನ್ನು ಸರ್ಕಾರಿ ಪ್ರಕಟಣೆಯಲ್ಲಿ ನೋಡಿಯೇ ನೀರಿಗಿಳಿಯಬೇಕು. ಹವ್ಯಾಸಿ ತಾನು ಹಿಡಿದುದನ್ನು ಮಾರುವಂತಿಲ್ಲ. ಅಂಗಡಿಯಲ್ಲಿ ಸಿಗುವ ಬ್ಯಾಸ್ ಬಹುಪಾಲು ಟರ್ಕಿ, ಗ್ರೀಸ್‌ಗಳ ಸಾಕಣೆಯದು.

ಇನ್ನು ಎರಡನೆಯ ಮೋಸ. ಮೊದಲನೆಯದರಲ್ಲಿ ಸಾಯುವುದು ಮೀನಿನ ಮರಿ, ಇದರಲ್ಲಿ ಮನುಷ್ಯ.

ಉಸಿರು ಬಿಗಿಹಿಡಿದಾಗ ಎದೆಯೊಳಗೆ ಏಳುವ ಚಡಪಡಿಕೆ ಆಮ್ಲಜನಕ ಮುಗಿಯಿತೆಂಬ ಸೂಚನೆಯೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿತೆಂಬುದೇ ಅದರ ಮುಖ್ಯ ಸೂಚನೆ. ಮುಳುಗುವ ಮುನ್ನ ಆಳವಾಗಿ, ಬೇಗಬೇಗನೆ ಹತ್ತಾರು ಸಲ ಉಸಿರಾಡಿದರೆ ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ. ಆಮ್ಲಜನಕವೇನೂ ಗಣನೀಯವಾಗಿ ಹೆಚ್ಚುವುದಿಲ್ಲ. ಎಚ್ಚರಿಸುವ ಗಂಟೆಯನ್ನು ಬಟ್ಟೆಯಿಂದ ಸುತ್ತಿಟ್ಟಂತೆ. ಚಡಪಡಿಕೆ ಬರುವ ಮೊದಲೇ ಆಮ್ಲಜನಕ ತೀರಿ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಮೇಲೇರುವಾಗ ಇದು ಇನ್ನೂ ಹೆಚ್ಚು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು, ಐದು ಮೀಟರಿನಲ್ಲಿ ಒಂದೂವರೆಯಷ್ಟು. ಆ ಒತ್ತಡದಲ್ಲಿ ಸಾಲುತ್ತಿದ್ದ ಆಮ್ಲಜನಕ, ಒತ್ತಡ ಇಳಿದಂತೆ ಮಿದುಳಿಗೆ ಸಾಲದೆ ಹೋಗುತ್ತದೆ. ಕೊನೆಯ ಎರಡು ಮೂರು ಮೀಟರುಗಳಲ್ಲಿ, ಕೆಲವೊಮ್ಮೆ ತಲೆ ನೀರಿನಿಂದ ಮೇಲೆ ಬಂದ ಬಳಿಕವೂ, ಮೂರ್ಛೆ ಬಂದೆರಗುತ್ತದೆ.

ಬ್ಯಾಸ್ ಬೇಟೆ ಆಳವಿಲ್ಲದ ನೀರಿನದ್ದು, ಅಪಾಯವಿಲ್ಲ ಎಂಬ ನಂಬಿಕೆಯನ್ನು ನಾವು ಒಪ್ಪುವುದಿಲ್ಲ. ಈಜುಕೊಳಗಳಲ್ಲಿ ಉಸಿರು ಹಿಡಿದು ಪ್ರಾಣ ಕಳೆದುಕೊಂಡವರುಂಟು. ಚಳಿಗೆ ನಡುಗುವ ಮೈ ಆಮ್ಲಜನಕವನ್ನು ಹೆಚ್ಚು ಸುಡುತ್ತದೆ. ತಣ್ಣೀರು ಮುಖಕ್ಕೆ ತಗುಲಿದೊಡನೆ ಹೃದಯದ ಬಡಿತ ತಗ್ಗಿ, ಕೈಕಾಲುಗಳ ರಕ್ತನಾಳಗಳು ಕುಗ್ಗಿ, ದೇಹ ಉಳಿತಾಯಕ್ಕೆ ತೊಡಗುವುದು ನಿಜ; ಸೀಲ್, ತಿಮಿಂಗಿಲಗಳಲ್ಲಿರುವ ಈ ಗುಣ ಅಲ್ಪಪ್ರಮಾಣದಲ್ಲಿ ನಮ್ಮಲ್ಲಿಯೂ ಇದೆ. ಅದು ಕೆಲವು ಕ್ಷಣಗಳ ಕೊಡುಗೆ ಮಾತ್ರ. ಮೀನು ಇನ್ನೇನು ಗುರಿಗೆ ಬರುತ್ತದೆಂಬಾಗ ಮತ್ತೈದು ಸೆಕೆಂಡು ಕಾಯೋಣವೆಂಬ ಆಸೆ ಆ ಕೊಡುಗೆಯನ್ನು ತಿಂದುಹಾಕುತ್ತದೆ.

ಆಳವಿಲ್ಲದ ನೀರಿಗೇ ವಿಶಿಷ್ಟವಾದ ಇನ್ನೊಂದು ಅಪಾಯವೂ ಇದೆ. ಅಲೆಯ ಹೊಯ್ದಾಟದ ನಡುವೆ ಮೂರು ಮೀಟರಿನ ತಳದಲ್ಲಿ ಕದಲದೆ ಮಲಗಲು ಬೇಟೆಗಾರರು ಸೊಂಟಕ್ಕೆ ಹೆಚ್ಚುವರಿ ಸೀಸ ಕಟ್ಟಿಕೊಳ್ಳುತ್ತಾರೆ. ಹದವಾದ ತೂಕವಿದ್ದವನು ಮೇಲ್ಮೈಯಲ್ಲಿ ಮೂರ್ಛೆ ಹೋದರೆ ತೇಲುತ್ತಾನೆ, ಜೊತೆಗಾರನಿಗೆ ಕಾಣುತ್ತಾನೆ. ಹೆಚ್ಚು ತೂಕವಿದ್ದವನು ಕಲ್ಲಿನಂತೆ ಕೆಲ್ಪಿನ ತೋಪಿನೊಳಗೆ ಇಳಿದುಹೋಗುತ್ತಾನೆ. ಆ ಕಲಕಿದ ನೀರಿನಲ್ಲಿ ಮೂರು ನಾಲ್ಕು ಮೀಟರ್ ಆಚೆಗೆ ಏನೂ ಕಾಣದು. ಸೀಸದ ಪಟ್ಟಿಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ ಇರಬೇಕೆಂದು ಬಲ್ಲವರು ಒತ್ತಿ ಹೇಳುವುದು ಇದಕ್ಕಾಗಿ.

ನೀರಿಗಿಳಿದ ಮೊದಲ ಒಂದೆರಡು ನಿಮಿಷ ಚಳಿಯ ಆಘಾತದಿಂದ ಉಸಿರು ಏದುತ್ತದೆ. ಅದು ತಹಬಂದಿಗೆ ಬರುವವರೆಗೆ ಮುಳುಗಬಾರದು. ಒಬ್ಬನು ಕೆಳಗಿದ್ದಾಗ ಇನ್ನೊಬ್ಬನು ಮೇಲೆ ಕಾವಲಿರಬೇಕು. ಇಬ್ಬರೂ ಏಕಕಾಲಕ್ಕೆ ಮುಳುಗಿದರೆ ಜೊತೆಯಿದ್ದೂ ಒಂಟಿಯೇ. ಕೆಳಗೆ ಕಳೆದ ಸಮಯದ ಕನಿಷ್ಠ ಎರಡರಷ್ಟು ಮೇಲೆ ವಿಶ್ರಮಿಸಬೇಕು. ಮೇಲೆ ಬಂದ ಜೊತೆಗಾರನನ್ನು ಅರ್ಧ ನಿಮಿಷವಾದರೂ ಗಮನಿಸುತ್ತಿರಬೇಕು. ಅವನು ಹಿಡಿದ ಮೀನನ್ನಲ್ಲ, ಅವನ ಮುಖವನ್ನು.

ಮೂರ್ಛೆ ಹೋದವನು ಸಿಕ್ಕರೆ ಮುಖವನ್ನು ನೀರಿನಿಂದ ಮೇಲೆತ್ತಿ, ಸೀಸದ ಪಟ್ಟಿ ಬಿಚ್ಚಿ, ಮಾಸ್ಕ್ ತೆಗೆದು, ಕೆನ್ನೆಗೆ ಊದಿ, ತಟ್ಟಿ, ಹೆಸರು ಹಿಡಿದು ಉಸಿರಾಡೆಂದು ಕೂಗಬೇಕು. ಬಹಳ ಮಂದಿ ಅಷ್ಟರಲ್ಲಿಯೇ ಉಸಿರೆಳೆದುಕೊಳ್ಳುತ್ತಾರೆ. ಎಳೆದುಕೊಳ್ಳದಿದ್ದರೆ ಬಾಯಿಯಿಂದ ಬಾಯಿಗೆ ಉಸಿರು ಕೊಡುತ್ತ ದಡಕ್ಕೆ ಸಾಗಿಸಬೇಕು. ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ ಪೊಲೀಸರನ್ನಲ್ಲ, ಕೋಸ್ಟ್‌ಗಾರ್ಡನ್ನು ಕೇಳಬೇಕು.