ಧ್ವನಿಮಾದರಿಗಳಿಂದ ತಂತುವಾದ್ಯವೃಂದ: ಅನುಕರಣದ ಕೆಲವು ಸಮಸ್ಯೆಗಳು

ಪಾಶ್ಚಾತ್ಯ ವಾದ್ಯವೃಂದದ ಹೃದಯಸ್ಥಾನವೆಂದರೆ ಅದರ ತಂತುವಾದ್ಯ ವಿಭಾಗ. ಪೂರ್ಣಪ್ರಮಾಣದ ಸಿಂಫೊನಿ ವೃಂದವೊಂದರಲ್ಲಿ ಸಾಮಾನ್ಯವಾಗಿ ಮೊದಲನೆಯ ಪಿಟೀಲುಗಳು 16, ಎರಡನೆಯವು 14, ವಿಯೋಲಾ 12, ಚೆಲ್ಲೊ 10, ಡಬಲ್ ಬಾಸ್ 8, ಹೀಗೆ 60 ಮಂದಿ ಕಮಾನು ಹಿಡಿದು ಕುಳಿತಿರುತ್ತಾರೆ. ಇಷ್ಟು ಮಂದಿಯ ಕೆಲಸವನ್ನು ಕೀಲಿಮಣೆಯ ಮುಂದೆ ಕುಳಿತ ಒಬ್ಬನೇ ಮಾಡಿ ಮುಗಿಸುವುದು ಇಂದು ಚಲನಚಿತ್ರ, ದೂರದರ್ಶನಗಳ ಸಂಗೀತದಲ್ಲಿ ನಿತ್ಯದ ಸಂಗತಿಯಾಗಿದೆ. ವಾದಕರು ನುಡಿಸಿದ ಬಿಡಿ ಸ್ವರಗಳನ್ನು ಮೊದಲೇ ಮುದ್ರಿಸಿ ಸಂಗ್ರಹಿಸಿಟ್ಟುಕೊಂಡು, ಬೇಕಾದಾಗ ಕೀಲಿಮಣೆಯಿಂದ ಹೊರಡಿಸುವುದು ಇದರ ಕ್ರಮ. ಹೀಗೆ ಮುದ್ರಿಸಿದ ಬಿಡಿ ಸ್ವರಕ್ಕೆ ‘ಸ್ಯಾಂಪಲ್’ ಎಂದು ಹೆಸರು. ಇಲ್ಲಿ ಅದನ್ನು ಧ್ವನಿಮಾದರಿ ಎಂದು ಕರೆಯೋಣ. ಒಂದೊಂದು ಸ್ವರವೂ ನುರಿತ ವಾದಕನ ಕೈಯಿಂದಲೇ ಬಂದದ್ದು. ಹಾಗಿದ್ದೂ ಅವುಗಳನ್ನು ಪೋಣಿಸಿದಾಗ ಒಟ್ಟು ಸಂಗೀತವು ಬಹುಮಟ್ಟಿಗೆ ಸುಳ್ಳಾಗಿ ಕೇಳುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪ್ರಯತ್ನ ತೀರ ಹೊಸದೇನಲ್ಲ. ಅಮೆರಿಕದ ಹ್ಯಾರಿ ಚೇಂಬರ್ಲಿನ್ ಎಂಬಾತನ ಉಪಕರಣವನ್ನು ಅನುಸರಿಸಿ 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೆಲೊಟ್ರಾನ್ ಎಂಬ ವಾದ್ಯವು ಸಿದ್ಧವಾಯಿತು. ಅದರ ಪ್ರತಿಯೊಂದು ಕೀಲಿಯ ಕೆಳಗೂ ಒಂದು ಕಾಂತಪಟ್ಟಿ; ಕೀಲಿಯನ್ನು ಒತ್ತಿದರೆ ಪಟ್ಟಿಯು ಓಡಿ ಸುಮಾರು 8 ಸೆಕೆಂಡುಗಳ ಕಾಲ ಮುದ್ರಿತ ಸ್ವರವು ಕೇಳುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಿರ್ಮಾಣವಾದ ಫೇರ್‌ಲೈಟ್ ಎಂಬ ಗಣಕವಾದ್ಯವು ಸ್ವರವನ್ನು ಪಟ್ಟಿಯ ಬದಲು ಅಂಕಿಗಳ ರೂಪದಲ್ಲಿ ಸಂಗ್ರಹಿಸಿತು. 1983ರಲ್ಲಿ ಮಿಡಿ ಎಂಬ ಸಂಕೇತಪದ್ಧತಿ ಬಂದು ಕೀಲಿಮಣೆಗೂ ಗಣಕಕ್ಕೂ ಸಮಾನಭಾಷೆ ದೊರೆಯಿತು. ಈ ಶತಮಾನದ ಆರಂಭದಿಂದ ವಿಯೆನ್ನಾ ಸಿಂಫೊನಿಕ್ ಲೈಬ್ರರಿ ಮುಂತಾದ ಸಂಸ್ಥೆಗಳು ಲಕ್ಷಗಟ್ಟಲೆ ಧ್ವನಿಮಾದರಿಗಳ ಭಂಡಾರಗಳನ್ನು ಕಟ್ಟಿವೆ. ಸಂಗ್ರಹವು ಬೆಳೆದಂತೆ ಸಮಸ್ಯೆಯ ಸ್ವರೂಪವು ಸ್ಪಷ್ಟವಾಯಿತೇ ಹೊರತು ಸಮಸ್ಯೆಯು ಅಳಿಯಲಿಲ್ಲ.

ಅದರ ಮೂಲವು ಕಮಾನಿನಲ್ಲಿದೆ. ರಾಳ ಹಚ್ಚಿದ ಕಮಾನು ತಂತಿಯನ್ನು ಹಿಡಿದು ಸ್ವಲ್ಪ ದೂರ ಎಳೆದೊಯ್ಯುತ್ತದೆ; ತಂತಿಯು ಜಾರಿ ಹಿಂದಿರುಗುತ್ತದೆ; ಕಮಾನು ಮತ್ತೆ ಹಿಡಿಯುತ್ತದೆ. ಪಿಟೀಲಿನ 440 ಹರ್ಟ್ಸ್ ತಂತಿಯಲ್ಲಿ ಈ ಹಿಡಿತ-ಜಾರಿಕೆಗಳು ಸೆಕೆಂಡಿಗೆ 440 ಸಲ ನಡೆಯುತ್ತವೆ. ಈ ಚಲನೆಯನ್ನು ಮೊದಲು ವಿವರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಅದಕ್ಕೆ ವಿಸ್ತಾರವಾದ ಗಣಿತಸಿದ್ಧಾಂತವನ್ನು 1918ರಲ್ಲಿ ಪ್ರಕಟಿಸಿದವರು ಮುಂದೆ ಬೆಂಗಳೂರನ್ನೇ ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡ ಸಿ. ವಿ. ರಾಮನ್ ಅವರು. ಅವರು ಯಂತ್ರದಿಂದ ಪಿಟೀಲನ್ನು ನುಡಿಸಿಯೂ ಪ್ರಯೋಗಗಳನ್ನು ಮಾಡಿದರು. 1973ರಲ್ಲಿ ಜಾನ್ ಶೆಲ್ಲೆಂಗ್ ಈ ವಿಚಾರವನ್ನು ಮುಂದುವರಿಸಿ, ಕಮಾನಿನ ಒತ್ತಡಕ್ಕೆ ಒಂದು ಕನಿಷ್ಠ ಮೇರೆಯೂ ಒಂದು ಗರಿಷ್ಠ ಮೇರೆಯೂ ಉಂಟೆಂದು ತೋರಿಸಿದನು. ಕಮಾನಿನ ವೇಗ, ಒತ್ತಡ, ಕುದುರೆಯಿಂದ ಅದಕ್ಕಿರುವ ದೂರ, ಈ ಮೂರರ ಹೊಂದಾಣಿಕೆಯಿಂದಲೇ ನಾದವು ಹುಟ್ಟುತ್ತದೆ. ಮತ್ತು ವಾದಕನು ಈ ಮೂರನ್ನೂ ಸ್ವರವು ನುಡಿಯುತ್ತಿರುವಷ್ಟು ಕಾಲವೂ ಬದಲಾಯಿಸುತ್ತಲೇ ಇರುತ್ತಾನೆ. ಕೀಲಿಮಣೆಯಾದರೋ ಸ್ವರದ ಆರಂಭದಲ್ಲಿ ಒಂದೇ ಒಂದು ಅಂಕಿಯನ್ನು ಕೊಡುತ್ತದೆ. ಕೀಲಿಯನ್ನು ಎಷ್ಟು ರಭಸದಿಂದ ಒತ್ತಿತು ಎಂಬುದನ್ನು 1ರಿಂದ 127ರವರೆಗಿನ ಸಂಖ್ಯೆಯಾಗಿ ತಿಳಿಸಿ ಅದು ಸುಮ್ಮನಾಗುತ್ತದೆ. ಪಿಯಾನೊವಿಗೆ ಇಷ್ಟು ಸಾಕು, ಸುತ್ತಿಗೆ ತಂತಿಯನ್ನು ಬಿಟ್ಟ ಮೇಲೆ ವಾದಕನಿಗೆ ಅದರ ಬಲದ ಮೇಲೆ ಅಧಿಕಾರವಿಲ್ಲ. ಪಿಟೀಲಿಗೆ ಇದು ಸಾಲದು.

ಆದುದರಿಂದ ಮೊದಲನೆಯ ಪರಿಹಾರವೆಂದರೆ ಬಲಗೈ ಸ್ವರಗಳನ್ನು ನುಡಿಸುತ್ತಿರುವಾಗ ಎಡಗೈ ಒಂದು ಚಕ್ರವನ್ನೋ ಸರಿಗುಂಡಿಯನ್ನೋ ನಿರಂತರವಾಗಿ ಚಲಿಸುತ್ತಿರುವುದು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಜೋರಾಗಿ ನುಡಿಸಿದ ಪಿಟೀಲು ಮೆಲ್ಲನೆ ನುಡಿಸಿದ ಪಿಟೀಲಿನ ದೊಡ್ಡ ಪ್ರತಿಯಲ್ಲ. ಅದರಲ್ಲಿ ಮೇಲಣ ಉಪಸ್ವರಗಳು ಹೆಚ್ಚಾಗಿ ನಾದದ ಬಣ್ಣವೇ ಬೇರೆಯಾಗುತ್ತದೆ. ಮೃದುವಾದ ಮಾದರಿಯ ಗಟ್ಟಿತನವನ್ನಷ್ಟೇ ಏರಿಸಿದರೆ ವಾದಕನು ಹತ್ತಿರ ಬಂದಂತಾಗುತ್ತದೆಯೇ ವಿನಾ ಅವನು ಬಲವಾಗಿ ನುಡಿಸಿದಂತಾಗುವುದಿಲ್ಲ. ಈ ಕಾರಣದಿಂದ ಒಳ್ಳೆಯ ಸಂಗ್ರಹಗಳಲ್ಲಿ ಪ್ರತಿ ಸ್ವರವನ್ನೂ ಮೂರು ನಾಲ್ಕು ಬಲಗಳಲ್ಲಿ ಮುದ್ರಿಸಿ, ಚಕ್ರವು ಏರಿದಂತೆ ಒಂದರಿಂದ ಇನ್ನೊಂದಕ್ಕೆ ಜಾರುವ ಏರ್ಪಾಡಿರುತ್ತದೆ.

ಎರಡನೆಯ ಸಮಸ್ಯೆ ಸ್ವರಗಳ ನಡುವಣ ದಾರಿಯದು. ಒಂದು ಸ್ವರದಿಂದ ಇನ್ನೊಂದಕ್ಕೆ ಕಮಾನನ್ನು ಎತ್ತದೆ ಹೋಗುವಾಗ ಎರಡೂ ಅಲ್ಲದ ಒಂದು ಕ್ಷಣವು ಮಧ್ಯೆ ಬರುತ್ತದೆ. ಬಿಡಿ ಸ್ವರಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಈ ಕ್ಷಣವು ಕಾಣೆಯಾಗಿ, ಪ್ರತಿ ಸ್ವರವೂ ಹೊಸದಾಗಿ ಆರಂಭವಾದಂತೆ ಕೇಳುತ್ತದೆ. ಅದಕ್ಕಾಗಿ ಆ ದಾರಿಗಳನ್ನೇ ಪ್ರತ್ಯೇಕವಾಗಿ ಮುದ್ರಿಸುವ ಪದ್ಧತಿ ಬಂದಿತು. ಇದರ ಶ್ರಮವನ್ನು ಹೀಗೆ ಊಹಿಸಬಹುದು: 40 ಸ್ವರಸ್ಥಾನಗಳ ವ್ಯಾಪ್ತಿಯಲ್ಲಿ ಒಂದು ಸ್ಥಾಯಿಯೊಳಗಿನ ಎಲ್ಲ ಏರಿಕೆ ಇಳಿಕೆಗಳನ್ನು ಲೆಕ್ಕ ಹಾಕಿದರೆ ದಾರಿಗಳು 804 ಆಗುತ್ತವೆ, ಮೂರು ಬಲಗಳಲ್ಲಿ ಮುದ್ರಿಸಿದರೆ 2412. ಇಷ್ಟಾದರೂ ಇವು ಹನ್ನೆರಡು ಸ್ವರಸ್ಥಾನಗಳ ನಡುವಣ ದಾರಿಗಳು ಮಾತ್ರ. ನಮ್ಮ ಪಿಟೀಲಿನ ಗಮಕಗಳನ್ನು ಇವುಗಳಿಂದ ಕಟ್ಟಲು ಹೊರಟವರು ಬೇಗನೆ ನಿರಾಶರಾಗುವುದು ಇದರಿಂದಲೇ. ಅಲ್ಲಿ ದಾರಿಯೇ ಸ್ವರದ ಜೀವ. ಇನ್ನೊಂದು ಎಚ್ಚರಿಕೆಯೂ ಅವಶ್ಯ. ಮುದ್ರಿತವಾದ ದಾರಿಯನ್ನು ಕ್ರಮಿಸಲು ಕಾಲ ಬೇಕಾದ್ದರಿಂದ ಗುರಿಯ ಸ್ವರವು ತಾಳಕ್ಕಿಂತ ತಡವಾಗಿ ಬಂದು ಮುಟ್ಟುತ್ತದೆ. ಅಷ್ಟು ಕಾಲವನ್ನು ಹಿಂದಕ್ಕೆ ಲೆಕ್ಕ ಮಾಡಿ ಸ್ವರವನ್ನು ಮುಂಚಿತವಾಗಿ ಹೊರಡಿಸದಿದ್ದರೆ ಇಡೀ ವೃಂದವು ಕಾಲು ಎಳೆಯುತ್ತಿರುವಂತೆ ತೋರುತ್ತದೆ.

ಮೂರನೆಯದು ಪುನರಾವೃತ್ತಿ. ಒಂದೇ ಸ್ವರವನ್ನು ಎಂಟು ಸಲ ಚುರುಕಾಗಿ ನುಡಿಸಬೇಕಾದಾಗ ಒಂದೇ ಮಾದರಿಯು ಎಂಟು ಸಲ ಕೇಳಿದರೆ ಕೋವಿಯ ಸದ್ದನ್ನು ನೆನಪಿಗೆ ತರುತ್ತದೆ. ಜೀವಂತ ಕೈ ಒಂದೇ ಕೆಲಸವನ್ನು ಎರಡು ಸಲ ಒಂದೇ ರೀತಿ ಮಾಡಲಾರದು. ಕಮಾನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಸಾಗುತ್ತದೆ. ಆದುದರಿಂದ ಪ್ರತಿ ಸ್ವರಕ್ಕೂ ಹಲವು ಮಾದರಿಗಳನ್ನು ಮುದ್ರಿಸಿ ಸರದಿಯಂತೆ ಬಳಸುತ್ತಾರೆ. ಆದರೆ ಗಣಕವು ಕಂಡಕಂಡಂತೆ ಮಾಡುವ ವ್ಯತ್ಯಾಸವು ಮನುಷ್ಯನ ವ್ಯತ್ಯಾಸವಾಗದು. ವಾದಕನು ಪದದ ತುದಿಯಲ್ಲಿ ನಿಧಾನಿಸುವುದಕ್ಕೂ ಮುಖ್ಯ ಪೆಟ್ಟಿನ ಮೇಲೆ ಒತ್ತುವುದಕ್ಕೂ ಅರ್ಥವಿದೆ; ಕೇವಲ ಯಾದೃಚ್ಛಿಕವಾದ ಏರುಪೇರಿಗೆ ಅರ್ಥವಿಲ್ಲ.

ನಾಲ್ಕನೆಯದು ಸಮೂಹದ ಸಮಸ್ಯೆ. 16 ಪಿಟೀಲುಗಳು ಸೇರಿದರೆ ನಾದವು ಒಂದಕ್ಕಿಂತ ಸುಮಾರು 12 ಡೆಸಿಬೆಲ್‌ಗಳಷ್ಟು ಮಾತ್ರ ಹೆಚ್ಚುತ್ತದೆ, ಏಕೆಂದರೆ ಅವುಗಳ ಅಲೆಗಳು ಒಂದರ ಹೆಜ್ಜೆಗೆ ಒಂದು ಹೆಜ್ಜೆ ಹಾಕುವುದಿಲ್ಲ. ಒಬ್ಬೊಬ್ಬರ ಶ್ರುತಿಯಲ್ಲಿ ಅಣುಮಾತ್ರ ಅಂತರ. ಸೆಕೆಂಡಿಗೆ ಸುಮಾರು 6 ಸಲ ತೂಗುವ ಎಡಗೈ ಬೆರಳಿನ ಕಂಪನವೂ ಒಬ್ಬೊಬ್ಬರದು ಒಂದೊಂದು ಗತಿ. ಸಮೂಹನಾದದ ರೇಷ್ಮೆಯಂಥ ನಯವು ಈ ಅಂತರಗಳಿಂದಲೇ ಹುಟ್ಟಿದ್ದು. ಒಂದೇ ಪಿಟೀಲಿನ ಒಂದೇ ಮಾದರಿಯನ್ನು 16 ಪ್ರತಿ ಮಾಡಿ ಒಟ್ಟಿಗೆ ಹೊರಡಿಸಿದರೆ ಬಲವು 24 ಡೆಸಿಬೆಲ್‌ಗಳಷ್ಟು ಏರುತ್ತದೆ, ಆದರೆ ಕೇಳುವುದು ಒಂದೇ ಪಿಟೀಲು. ಇದಕ್ಕೆ ವಿರುದ್ಧವಾದ ತಪ್ಪೂ ಸಾಮಾನ್ಯವೇ. 16 ಮಂದಿಯ ಮಾದರಿಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ 48 ಮಂದಿ ನುಡಿಸಿದಂತಾಗುತ್ತದೆ. ನಿಜವಾದ ವೃಂದದಲ್ಲಿ ಆ 16 ಮಂದಿಯೇ ಮೂರು ಪಾಲಾಗುತ್ತಾರೆ, ನಾದವು ತೆಳುವಾಗುತ್ತದೆ. ಪ್ರತಿ ಸ್ವರಪಂಕ್ತಿಯನ್ನೂ ಬೇರೆಬೇರೆಯಾಗಿ, ಚಿಕ್ಕ ಗುಂಪುಗಳ ಮಾದರಿಗಳಿಂದ ನುಡಿಸುವುದೇ ಸರಿಯಾದ ಮಾರ್ಗ.

ಐದನೆಯದಾಗಿ ಸ್ಥಳದ ವಿಚಾರ. ಕೇಳುಗನಿಗೆ ಹತ್ತು ಮೀಟರು ಹೆಚ್ಚು ದೂರದಲ್ಲಿರುವ ವಾದಕನ ನಾದವು ಸುಮಾರು 29 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಅದರ ಜೊತೆಗೆ ಸಭಾಂಗಣದ ಅನುರಣನ. 1900ರಲ್ಲಿ ವಾಲೇಸ್ ಸಬೈನನ ಸಲಹೆಯಂತೆ ಕಟ್ಟಿದ ಬಾಸ್ಟನ್ ಸಿಂಫೊನಿ ಸಭಾಂಗಣದಲ್ಲಿ ಇದು ಸುಮಾರು 2 ಸೆಕೆಂಡುಗಳಷ್ಟಿದೆ. ಕೆಲವು ಸಂಗ್ರಹಗಳು ಅನುರಣನವಿಲ್ಲದ ಕೋಣೆಯಲ್ಲಿ ಮುದ್ರಿತವಾದವು. ಕೆಲವು ಲಂಡನ್ನಿನ ಲಿಂಡ್‌ಹರ್ಸ್ಟ್ ಸಭಾಂಗಣದಂಥ ವಿಶಾಲ ಸ್ಥಳಗಳಲ್ಲಿ. ಇವೆರಡನ್ನೂ ವಿವೇಚನೆಯಿಲ್ಲದೆ ಬೆರೆಸಿದರೆ ಒಂದೇ ವೃಂದದ ಕೆಲವರು ದೇವಾಲಯದಲ್ಲಿಯೂ ಕೆಲವರು ಉಗ್ರಾಣದಲ್ಲಿಯೂ ಕುಳಿತಂತಾಗುತ್ತದೆ. ಎಲ್ಲರನ್ನೂ ಒಂದೇ ಚಾವಣಿಯ ಕೆಳಗೆ ತರುವುದು ಮಿಶ್ರಣಕಾರನ ಹೊಣೆ.

ಈ ಐದನ್ನೂ ಸಾಧಿಸಿದರೂ ಬರೆದ ಸಂಗೀತವೇ ವಾದ್ಯಕ್ಕೆ ಒಗ್ಗದಿದ್ದರೆ ಎಲ್ಲವೂ ವ್ಯರ್ಥ. ಪಿಟೀಲಿನ ಕೆಳಗಿನ ತಂತಿಯು 196 ಹರ್ಟ್ಸ್‌ಗೆ ಶ್ರುತಿಗೊಂಡಿದೆ. ಅದರ ಕೆಳಗೆ ಪಿಟೀಲಿಗೆ ಸ್ವರವಿಲ್ಲ, ಯಂತ್ರಕ್ಕೆ ಉಂಟು. ಕಮಾನಿಗೆ ಉದ್ದದ ಮಿತಿಯಿದೆ, ಯಂತ್ರಕ್ಕೆ ಇಲ್ಲ. ಈ ಮಿತಿಗಳನ್ನು ತಾನಾಗಿ ಒಪ್ಪಿಕೊಂಡವನ ರಚನೆ ಮಾತ್ರ ನಂಬುವಂತಿರುತ್ತದೆ.

ಕೊನೆಯದಾಗಿ, ಇದರಿಂದ ವಾದಕರ ಜೀವನೋಪಾಯಕ್ಕೆ ಒದಗುವ ಹಾನಿಯನ್ನು ಮರೆಯಲಾಗದು. 1982ರಲ್ಲಿಯೇ ಬ್ರಿಟನ್ನಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆಯು ಸಿಂಥಸೈಸರುಗಳ ಬಳಕೆಯನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ನಿಷೇಧವು ಜಾರಿಗೆ ಬರಲಿಲ್ಲ, ಆತಂಕವು ಉಳಿಯಿತು. ಇನ್ನೊಂದು ಕಡೆ, ವೃಂದವನ್ನು ಕಣ್ಣಾರೆ ಕಾಣುವ ಅವಕಾಶವೂ ಇಲ್ಲದ ವಿದ್ಯಾರ್ಥಿಯು ತಾನು ಬರೆದುದನ್ನು ತಾನೇ ಕೇಳಬಲ್ಲನೆಂಬುದು ಅಲ್ಪ ಲಾಭವಲ್ಲ. ಆದರೆ ಇವೆರಡಕ್ಕಿಂತಲೂ ಸೂಕ್ಷ್ಮವಾದ ಅಪಾಯ ಒಂದುಂಟು. ಧ್ವನಿಮಾದರಿಗಳಿಂದ ಸುಲಭವಾಗಿ ಬರುವುದು ನೀಳವಾದ, ನಿಶ್ಚಲವಾದ ಸ್ವರಗಳು. ಚೆನ್ನಾಗಿ ಕೇಳುವುದನ್ನೇ ಬರೆಯುವ ಅಭ್ಯಾಸವಾದರೆ ರಚನಕಾರನು ಉಳಿದುದನ್ನು ಬರೆಯುವುದನ್ನೇ ಬಿಡುತ್ತಾನೆ, ಮತ್ತು ಶತಮಾನಗಳಿಂದ ಬೆಳೆದ ಕಮಾನಿನ ಭಾಷೆಯು ಯಂತ್ರದ ಅಳತೆಗೆ ಕುಗ್ಗುತ್ತದೆ. ಇದನ್ನು ತಪ್ಪಿಸಲು ಮಾರ್ಗ ಒಂದೇ. ಅನುಕರಿಸುವವನು ಯಂತ್ರವನ್ನು ಅರಿಯುವ ಮೊದಲು ವಾದಕನ ಪಕ್ಕದಲ್ಲಿ ಕುಳಿತು, ಅವನ ಬಲಗೈ ಏನು ಮಾಡುತ್ತದೆಂಬುದನ್ನು ನೋಡಿ ಕಲಿಯಬೇಕು. ಒಳ್ಳೆಯ ಅನುಕರಣವು ಮೂಲದ ಮೇಲಣ ಗೌರವದಿಂದಲೇ ಆರಂಭವಾಗತಕ್ಕದ್ದು.