ಓಲೆಗರಿಯ ಓದು: ಸ್ವಯಂಶಿಕ್ಷಣದ ಕ್ರಮ

ಹಳಗನ್ನಡದ ಓಲೆಗರಿಗಳನ್ನು ಓದಲು ಗುರುಮುಖದ ಶಿಕ್ಷಣ ದೊರೆಯದಾದಾಗ ಅಭ್ಯಾಸಿಯು ಪ್ರತಿಯೊಂದು ತೊಡಕನ್ನೂ ಒಂದು ಲೆಕ್ಕದಂತೆ ಬಿಡಿಸಬೇಕಾಗುತ್ತದೆ. ಓಲೆಯಲ್ಲಿ ಪದಗಳ ನಡುವೆ ತೆರವಿಲ್ಲ. ಹಲವು ಪ್ರತಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವಾಗಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವಾಗಲಿ ಸ್ಪಷ್ಟವಾಗಿ ಕಾಣದು.

ಮೊದಲಿಗೆ ಕ್ರಿ.ಶ. 941ರ ಪಂಪನ ಆದಿಪುರಾಣದಂತಹ ಮುದ್ರಿತ ಕೃತಿಯ ಹಸ್ತಪ್ರತಿಯೊಂದನ್ನು ಆರಿಸಿ, ಮುದ್ರಣವನ್ನು ನೋಡದೆ ಒಂದು ಗರಿಯನ್ನು ನಕಲು ಮಾಡಿಕೊಳ್ಳಬೇಕು. ಅನಂತರ ಎರಡನ್ನೂ ಹೋಲಿಸಿ, ತಪ್ಪುಗಳನ್ನು ಅಕ್ಷರಭ್ರಾಂತಿ, ಪದಚ್ಛೇದದೋಷ, ಲಿಪಿಕಾರನ ಸ್ಖಲನ ಎಂದು ವಿಂಗಡಿಸಿ, ಆ ಲಿಪಿಕಾರನ ಅಕ್ಷರಪಟ್ಟಿಯನ್ನು ಸಿದ್ಧಪಡಿಸಬೇಕು.

ಅಮುದ್ರಿತ ಕಾವ್ಯಕ್ಕೆ ಛಂದಸ್ಸೇ ಒರೆಗಲ್ಲು. ಕಂದದ ವಿಷಮಪಾದಗಳಲ್ಲಿ 12, ಸಮಪಾದಗಳಲ್ಲಿ 20 ಮಾತ್ರೆಗಳು. ನಾಲ್ಕೂ ಪಾದಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಮಾತ್ರೆ ಕೂಡದಿದ್ದರೆ ಹ್ರಸ್ವದೀರ್ಘವನ್ನೋ ಬಿಟ್ಟುಹೋದ ಅಕ್ಷರವನ್ನೋ ಅರಸಬೇಕು. ಪ್ರಾಸ ತಪ್ಪಿದರೆ ವ್ಯಂಜನವನ್ನು ಮರಳಿ ಪರೀಕ್ಷಿಸಬೇಕು. ಆದರೆ ಛಂದಸ್ಸು ಕೂಡಿದ ಮಾತ್ರಕ್ಕೆ ಪಾಠವು ಶುದ್ಧವೆನಿಸದು, ಅರ್ಥವೂ ಕೂಡಬೇಕು.

ಬಗೆಹರಿಯದ ಅಕ್ಷರವನ್ನು ಊಹೆಯಿಂದ ತುಂಬದೆ ಸಂದೇಹಚಿಹ್ನೆಯೊಡನೆ ಉಳಿಸುವುದು ಈ ಶಿಕ್ಷಣದ ಕಡೆಯ ಪಾಠ. ಗರಿಯು ಮುರಿದ ಬಳಿಕ ನಕಲೇ ಮೂಲದ ಸ್ಥಾನವನ್ನು ಪಡೆಯುವುದರಿಂದ, ಇಂದಿನ ಊಹೆಯು ನಾಳೆ ಕವಿಯ ಮಾತೆನಿಸಿಬಿಡುತ್ತದೆ.