ಲಂಡನ್ನಿನ ಮೇಜು, ಮುಧೋಳದ ಮಳೆ

ಕಳೆದ ಜೂನ್ ತಿಂಗಳಿಡೀ ನಾವು ಲಂಡನ್ನಿನಲ್ಲಿ, ಮಗನ ಮನೆಯ ಮೇಜಿನ ಮುಂದೆ ಕುಳಿತು ಈ ಪತ್ರಿಕೆಯನ್ನು ನಡೆಯಿಸಿದೆವೆಂಬುದು ನಮ್ಮ ವಾಚಕರಲ್ಲಿ ಹಲವರಿಗೆ ತಿಳಿದಿರಲಾರದು. ಪತ್ರಿಕೆಯು ಒಂದು ದಿನವೂ ನಿಲ್ಲದೆ ಇದ್ದುದರಿಂದ ತಿಳಿಯುವ ಕಾರಣವೂ ಇರಲಿಲ್ಲ.

ಸಂದರ್ಶಕನಾಗಿ ಬಂದವನು ಸ್ವದೇಶದ ಉದ್ಯೋಗವನ್ನು ಅಲ್ಲಿಂದಲೇ ಮಾಡಬಹುದೆಂದು ಬ್ರಿಟಿಷ್ ಸರ್ಕಾರವು 2024ರ ಜನವರಿ 31ರಿಂದ ನಿಯಮದಲ್ಲಿಯೇ ಸ್ಪಷ್ಟಪಡಿಸಿದೆ. ಆದರೆ ಆ ಉದ್ಯೋಗವೇ ಪ್ರವಾಸದ ಮುಖ್ಯೋದ್ದೇಶವಾಗಿರಕೂಡದು. ಮೊಮ್ಮಗಳನ್ನು ಕಾಣುವುದೇ ನಮ್ಮ ಮುಖ್ಯೋದ್ದೇಶವಾಗಿದ್ದುದರಿಂದ ಕಾನೂನಿಗೂ ನಮಗೂ ವಿರಸ ಬರಲಿಲ್ಲ. 'ಕೇಸರಿ'ಯ ಲೋಕಮಾನ್ಯ ತಿಲಕರು ಚಿರೋಲ್ ಮೊಕದ್ದಮೆಗಾಗಿ 1918-19ರಲ್ಲಿ ಇದೇ ನಗರದಲ್ಲಿದ್ದಾಗ, ಹಡಗಿನ ಅಂಚೆಯು ಪುಣೆಯನ್ನು ಸೇರಲು ವಾರಗಳೇ ಹಿಡಿಯುತ್ತಿದ್ದುವು. ನಮ್ಮ ಲೇಖನವು ಸೇಡಂ ತಾಲ್ಲೂಕಿನ ಮುಧೋಳವನ್ನು ಕ್ಷಣಮಾತ್ರದಲ್ಲಿ ಸೇರುತ್ತಿತ್ತು.

ಅಲ್ಲಿಯ ದಿನಚರಿಯೇ ವಿಚಿತ್ರವಾದುದು. ಮುಧೋಳದಲ್ಲಿ ರಾತ್ರಿ 11 ಗಂಟೆಗೆ ಕೊನೆಯ ಪುಟವು ಮುಗಿಯುವಾಗ ಅಲ್ಲಿ ಸಂಜೆಯ ಆರೂವರೆ. ಸೂರ್ಯನು ಮುಳುಗಲು ಒಂಬತ್ತು ದಾಟಬೇಕು. ಕೆಲಸ ಮುಗಿಸಿ, 2015ರಲ್ಲಿ ಥೇಮ್ಸ್ ತೀರದಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯವರೆಗೆ ನಡೆದು ಬರುತ್ತಿದ್ದೆವು. ಎದುರಾದವರು ನಸುನಕ್ಕು ಸರಿದುಹೋಗುವರು. ಸಭ್ಯರೇನೋ ಹೌದು. ಊರಿನಲ್ಲಾದರೆ ಕಚೇರಿಯ ಶಹಾಬಾದಿ ಕಲ್ಲಿನ ಕಟ್ಟೆಯ ಮೇಲೆ ಬೆಳಗಾಗುವಷ್ಟರಲ್ಲಿ ನಾಲ್ವರು ಕುಳಿತಿರುವರು; ಹಿಂದಿನ ದಿನದ ತಪ್ಪನ್ನು ಎತ್ತಿ ಆಡದೆ ಅವರು ಚಹ ಕುಡಿಯುವವರಲ್ಲ. ಅವರ ಮೇಲೆ ನಾವು ಎಷ್ಟೋ ಸಲ ಸಿಡುಕಿದ್ದುಂಟು.

ಮೂರನೆಯ ವಾರದಲ್ಲಿ, ಫೋನಿನ ಪರದೆಯ ಮೇಲೆ ಕಂಡ ಹವಾಮಾನದ ನಕ್ಷೆಯನ್ನೇ ನಂಬಿ, ಮಳೆಯಿಲ್ಲದೆ ನಮ್ಮ ಸೀಮೆಯ ತೊಗರಿಯ ಬಿತ್ತನೆಯೇ ನಿಂತಿದೆಯೆಂದು ಖಾರವಾದ ಅಗ್ರಲೇಖವೊಂದನ್ನು ಬರೆದು ಕಳುಹಿಸಿದೆವು. ಸರ್ಕಾರಕ್ಕೆ ಉಪದೇಶವೂ ಅದರಲ್ಲಿ ಯಥೇಷ್ಟವಾಗಿತ್ತು. ಪುಟ ಜೋಡಿಸುವ ಹುಡುಗನು ಫೋನು ಮಾಡಿ, "ಸಾಹೇಬ್ರ, ನಿನ್ನಿ ರಾತ್ರಿ ಛಲೋ ಮಳಿ ಆಗ್ಯಾದ್ರಿ. ಮುಂಜಾನಿಂದ ಮಂದಿಯೆಲ್ಲಾ ಹೊಲದಾಗೇ ಇದ್ದಾರ್ರಿ" ಎಂದನು. ಅಗ್ರಲೇಖವನ್ನು ತೆಗೆಸಿದೆವು. ಅವನು ಸುಮ್ಮನಿದ್ದಿದ್ದರೆ, ಕೆಸರುಗಾಲಿನಲ್ಲಿ ಬಂದು ಅದನ್ನು ಓದಿದ ರೈತನು ಈ ಪತ್ರಿಕೆಯನ್ನು ಮತ್ತೆ ನಂಬುತ್ತಿದ್ದನೇ? ಅದಕ್ಕಿಂತಲೂ ನಮ್ಮನ್ನು ಬಾಧಿಸಿದ ಸಂಗತಿಯೆಂದರೆ, ಆ ಹುಡುಗನ ಕಣ್ಣಿಗೂ ಬೀಳದೆ ಅಚ್ಚಾಗಿಹೋದವು ಎಷ್ಟಿರಬಹುದೆಂಬುದು.

"ಕೆಲಸ ನಡೆದೇ ಇದೆಯಲ್ಲಪ್ಪಾ, ಇನ್ನೆರಡು ತಿಂಗಳು ಇರ್ರಿ" ಎಂದು ಮಗನು ಒತ್ತಾಯಿಸಿದನು. ಜುಲೈ ಮೊದಲ ವಾರದಲ್ಲಿಯೇ ಹೊರಟುಬಂದೆವು. ಕಟ್ಟೆಯ ಮೇಲೆ ನಾಲ್ವರೂ ಇದ್ದರು. ಆ ತಿಂಗಳ ಸಂಚಿಕೆಗಳನ್ನೆಲ್ಲ ದಾರದಿಂದ ಕಟ್ಟಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು.